ಯಾರೂ ಪರೀಕ್ಷಿಸದ ಕೆಮ್ಮು

ಆ ಹುಡುಗಿಯ ಗಂಟಲಿಗೆ ಹತ್ತಿಯ ಕಡ್ಡಿ ಹಾಕಿದ್ದು ನಾನೇ ಎಂದು ನನಗೆ ನೆನಪಿದೆ. ಅವಳು ನನ್ನ ಬೆರಳು ಕಚ್ಚಿದಳು, ಆಮೇಲೆ ನನ್ನ ಅಂಗಿಯ ಮೇಲೆ ಒಗ್ಗರಣೆ ಮಂಡಕ್ಕಿ ಕಾರಿಕೊಂಡಳು. ಆದರೆ ಅಂಗಿ ಯಾವ ಬಣ್ಣದ್ದು ಎಂದು ಕೇಳಿದರೆ ಒಮ್ಮೆ ನೀಲಿ ಎನ್ನುತ್ತೇನೆ, ಒಮ್ಮೆ ಬಿಳಿ. ನೆನಪು ಹರಿದಲ್ಲೆಲ್ಲ ತಾನೇ ತೇಪೆ ಹಾಕಿಕೊಳ್ಳುತ್ತದೆ. ಹಾಗಾಗಿ ಅಂದು ಜೊತೆಗಿದ್ದ ಗೆಳೆಯನೇ ವರ್ಷಗಳ ನಂತರ, ಅಲ್ಲಿ ಗಂಟಲಿನ ಮಾದರಿ ತೆಗೆದೇ ಇಲ್ಲ ಎಂದಾಗ ಒಳಗೊಳಗೆ ನನ್ನನ್ನೇ ಅನುಮಾನಿಸಿದೆ.

ಊರು ಸಂಡೂರು ತಾಲೂಕಿನ ವಡ್ಡು. ಅದಿರಿನ ಲಾರಿಗಳು ಹಗಲಿಡೀ ಸಾಲುಗಟ್ಟಿ ಹೋಗುತ್ತಿದ್ದ ವರ್ಷಗಳು. ಸೂಕ್ಷ್ಮಜೀವಿ ಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ ನಾವಿಬ್ಬರೂ ಒಂದು ಸಂಶೋಧನೆಗೆ ಸೇರಿದ್ದೆವು. ಮಕ್ಕಳ ಕೈಕಾಲು ಹಠಾತ್ತನೆ ಸೋತರೆ, ಪೋಲಿಯೋ ಇರಬಹುದೆಂದು ಮಲವನ್ನು ಪರೀಕ್ಷೆಗೆ ಕಳಿಸುವುದು ಆಗಿನ ರೂಢಿ. ಪೋಲಿಯೋ ಬಳಗದಲ್ಲಿ ಬೇರೆ ಎಂಟೆರೋವೈರಸ್‌ಗಳೂ ಇವೆ. ಅವುಗಳಲ್ಲಿ ಕೆಲವು ಮೊದಲು ನೆಗಡಿ ಕೆಮ್ಮಾಗಿ ಬಂದು, ಆಮೇಲೆ ನರಕ್ಕೆ ಇಳಿಯಬಲ್ಲವು. ನಾವು ಹುಡುಕುತ್ತಿದ್ದುದು ಅಂಥದನ್ನು. ಅದಕ್ಕೆ ಗಂಟಲಿನ ಮಾದರಿಯೂ ಬೇಕಿತ್ತು.

ಹುಡುಗಿಗೆ ನಾಲ್ಕು ವರ್ಷ ಇರಬೇಕು. ಕೆಮ್ಮು ಜ್ವರ ಬಂದು, ಇಳಿಯುವ ಹೊತ್ತಿಗೆ ಬಲಗೈ ಜೋತುಬಿದ್ದಿತ್ತು. ಅದಕ್ಕೂ ಸ್ವಲ್ಪ ಮೊದಲು ತಾಯಿ ಅವಳನ್ನು ಕರೆದುಕೊಂಡು ತನ್ನ ತವರು ಕಂಪ್ಲಿಗೆ ಹೋಗಿ ಹೊಳೆಯಲ್ಲಿ ಸ್ನಾನ ಮಾಡಿಸಿದ್ದಳು. ದೂರಲು ಅವಳ ಅತ್ತೆಗೆ ಅಷ್ಟು ಸಾಕಾಗಿತ್ತು.

"ಕಂಪ್ಲಿ ನೀರಾಗ ಅದ್ದಿ ತಂದಾಳ್ರಿ ಕೂಸಿನ್ನ. ತವರಮನಿ ಹುಚ್ಚು! ಕೂಸಿನ ಕೈ ಅಲ್ಲೇ ಬಿಟ್ಟು ಬಂದಾಳ," ಎಂದು ಆಕೆ ನಮ್ಮೆದುರೇ ಅಂದಳು.

ನಾವು ಹೊರಟಾಗ ಸೊಸೆ ಬಾಗಿಲ ತನಕ ಬಂದಳು. "ಸರ, ನೀರಿಂದ ಬಂತೋ, ಕೆಮ್ಮಿಂದ ಬಂತೋ, ಇದ್ರಾಗ ಗೊತ್ತಾಗ್ತೈತೇನ್ರಿ?"

"ಗೊತ್ತಾಗ್ತೈತಿ ಯಕ್ಕಾ. ಗಂಟಲದ್ದು ಅದಕ್ಕೇ ತಗೊಂಡೀವಿ. ನಾವೇ ಬಂದು ಹೇಳ್ತೀವಿ," ಎಂದ ಗೆಳೆಯ, ಐಸ್ ಡಬ್ಬಿಯ ಮುಚ್ಚಳ ಒತ್ತುತ್ತ.

ವಿಜ್ಞಾನ ಅಷ್ಟು ಖಚಿತವಾಗಿ ಮಾತಾಡುವುದಿಲ್ಲ. ಆದರೂ ಅವಳ ಮುಖ ನೋಡಿ ನಾನು ತಿದ್ದಲಿಲ್ಲ.

ಕೆಲವು ವಾರಗಳ ಮೇಲೆ ಮಲದ ಪರೀಕ್ಷೆಯಿಂದ ಪೋಲಿಯೋ ಅಲ್ಲ ಎಂಬ ಸುದ್ದಿ ಬಂತು. ಹುಡುಗಿಯ ಅಪ್ಪ ಅದಿರಿನ ಲಾರಿಯ ಡ್ರೈವರ್. ಅವನು ಓಣಿಗೆಲ್ಲ ಪೇಡೆ ಹಂಚಿದ. ಪೋಲಿಯೋ ಅಲ್ಲವೆಂದ ಮೇಲೆ ರೋಗವೇ ಅಲ್ಲ ಎಂದುಕೊಂಡು, ಕೈಯ ವ್ಯಾಯಾಮಕ್ಕೆ ಮಗಳನ್ನು ಹೊಸಪೇಟೆಯ ಆಸ್ಪತ್ರೆಗೆ ಕರೆದೊಯ್ಯುವುದನ್ನೂ ನಿಲ್ಲಿಸಿದ. ಪೇಡೆ ನಮ್ಮ ಕಚೇರಿಗೂ ಬಂದಿತ್ತು. ಓದಿದವರಾದ ನಾವೂ ಅದನ್ನು ತಿಂದೆವು.

"ಗಂಟಲಿಂದು?" ಎಂದು ಗೆಳೆಯನನ್ನು ಕೇಳಿದೆ.

"ಕಳಿಸೀನಿ. ಬರ್ತೈತಿ, ತಡಿಯಲೇ," ಎಂದ.

ಒಂದು ಕಡೆ ನಿಲ್ಲುವ ಸ್ವಭಾವ ನನ್ನದಲ್ಲ. ಬೇರೆ ಕೆಲಸ, ಬೇರೆ ಊರು ಎಂದು ಹೋದೆ. ಗೆಳೆಯ ಅದೇ ದಾರಿಯಲ್ಲಿ ಮುಂದುವರಿದು ದೊಡ್ಡವನಾದ. ವರ್ಷಗಳ ನಂತರ ಒಂದು ಸಭೆಯ ವೇದಿಕೆಯಿಂದ ಅವನು, ನಮ್ಮ ಭಾಗದ ಮಕ್ಕಳಲ್ಲಿ ನಾವು ಹುಡುಕುತ್ತಿದ್ದಂಥ ವೈರಸ್ಸಿನ ಪುರಾವೆ ಸಿಕ್ಕಿಲ್ಲ ಎಂದ. ಈ ಜಾತಿಯದು ಸಿಗುವುದು ಹೆಚ್ಚಾಗಿ ಮೂಗು ಗಂಟಲಲ್ಲಿ, ಮಲದಲ್ಲಿ ಅಪರೂಪ ಎಂಬುದು ಅಷ್ಟರಲ್ಲಿ ತಿಳಿದಿತ್ತು. ಊಟದ ಸಾಲಿನಲ್ಲಿ ಅವನನ್ನು ಹಿಡಿದೆ.

"ವಡ್ಡಿನ ಹುಡುಗೀದು ಏನ್ ಬಂತಲೇ?"

"ಅಲ್ಲಿ ಗಂಟಲದ್ದು ತಗೊಂಡೇ ಇಲ್ಲಲೇ. ನಿನಗ ವಯಸ್ಸಾತು."

"ನಾನೇ ತಗೊಂಡೀನಿ. ನೀ ಬ್ಯಾಟ್ರಿ ಬೆಳಕು ಹಿಡಿದಿದ್ದಿ."

ಅವನು ನಕ್ಕು ತಟ್ಟೆಗೆ ಪಲಾವ್ ಹಾಕಿಕೊಂಡ. "ತಗೊಂಡಿದ್ರೂ ಏನೀಗ? ಆ ಧೂಳಿನಾಗ ಯಾರಿಗೆ ಕೆಮ್ಮಿರ್ಲಿಲ್ಲ ಹೇಳು. ಧೂಳಿನ ಕೆಮ್ಮು ಸೇರಿಸಿದ್ರ ಲೆಕ್ಕ ಕೆಡ್ತೈತಿ ಅಂದ್ರು ನಮ್ಮ ಗೈಡು. ಸಂಡೂರು ಕಡೀವೆಲ್ಲಾ ಬಿಟ್ವಿ."

"ಬಿಟ್ವಿ ಅಂದ್ರ?"

"ಕಸಕ್ಕ ಒಗದ್ವಿ. ಆರ್ತೈತಿ, ಉಣ್ಣು."

ಹುಡುಕದೆ ಬಿಟ್ಟು, ಸಿಗಲಿಲ್ಲ ಎಂದು ವೇದಿಕೆಯ ಮೇಲೆ ಹೇಳಿದ್ದ. ಆದರೂ ವಡ್ಡಿಗೆ ಹೋಗುವಾಗ ಬಸ್ಸಿನಲ್ಲಿ ನಾನು ಬಯಸಿದ್ದು ನನ್ನ ನೆನಪೇ ಸುಳ್ಳಾಗಲಿ ಎಂದು. ಕಡ್ಡಿಯನ್ನೇ ಹಾಕಿರದಿದ್ದರೆ ಆ ತಾಯಿ ಇಷ್ಟು ವರ್ಷ ಕಾದಿರುವುದಿಲ್ಲವಲ್ಲ.

ಲಾರಿಗಳು ವಿರಳವಾಗಿದ್ದವು. ಬೆಳೆದ ಹುಡುಗಿ ರಿಬ್ಬನ್ನಿನ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ, ಎಡಗೈಯಿಂದ ಜಡೆಗೆ ಸುತ್ತುತ್ತಿದ್ದಳು. ತಾಯಿ ನನ್ನನ್ನು ನೋಡಿದವಳೇ ಗುರುತು ಹಿಡಿದಳು.

"ಬರ್ರಿ ಸರ, ಕುಂದ್ರಿ. ಅವತ್ತು ಇಕಿ ನಿಮ್ಮ ಅಂಗಿ ಮ್ಯಾಲೆ ಕಾರಿದ್ಲಲ್ರಿ, ಹಳದಿ ಅಂಗಿ. ನಾನೇ ತೊಳದು ಕೊಟ್ಟಿದ್ದೆ." ಚಹಾ ತಂದಿಟ್ಟು ನನ್ನೆದುರು ಕೂತಳು. "ಏನ್ ಬಂತ್ರಿ? ಅವತ್ತಿಂದ ನನ್ನ ಕಂಪ್ಲಿಗೆ ಕಳಿಸಿಲ್ರಿ. ಅವ್ವ ಸತ್ತಾಗ ಮಣ್ಣಿಗೆ ಹೋಗಿ ಬಂದೆ, ಅಷ್ಟ."

ನಾನು ಹೇಳಿದೆ. ಕೆಮ್ಮನ್ನು ಧೂಳಿನದೆಂದು ತಿಳಿದು ಮಾದರಿಯನ್ನು ಪರೀಕ್ಷಿಸದೆ ಎಸೆದರು ಎಂದೆ. ಕೆಮ್ಮಿನಿಂದಲೇ ಬಂದಿರುವ ಸಾಧ್ಯತೆ ಹೆಚ್ಚು, ಹೊಳೆಯ ಸ್ನಾನದಿಂದ ಅಲ್ಲ ಎಂದೂ ಸೇರಿಸಿದೆ.

ಒಳಗಿನ ಮಂಚದಿಂದ ಅತ್ತೆಯ ದನಿ ಬಂತು. "ಪರೀಕ್ಷಾ ಮಾಡ್ಯಾರೋ, ಇಲ್ಲೋ?"

"ಮಾಡಿಲ್ಲಮ್ಮ."

"ಮತ್ತ ನೀರಿಂದ ಅಲ್ಲ ಅಂತ ಹೆಂಗ ಹೇಳ್ತೀರಿ?"

ಪುರಾವೆ ಇಲ್ಲದೆ ಯಾವುದನ್ನೂ ಒಪ್ಪಬಾರದೆಂದು ಕಲಿತವನು ನಾನು. ಮುದುಕಿಯ ಪ್ರಶ್ನೆಯಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಸೊಸೆ ಉತ್ತರಕ್ಕೆಂದು ನನ್ನ ಬಾಯನ್ನೇ ನೋಡಿದಳು. ಆಮೇಲೆ ನಾನಿನ್ನೂ ಮುಟ್ಟದ ಚಹಾದ ಲೋಟವನ್ನು ಎತ್ತಿಕೊಂಡು ಒಳಗೆ ಹೋದಳು.