ಮಡಿಲು ತುಂಬಲು ಬಂದ ಸೋದರಮಾವ

ವಿಜಯನಗರದ ನಮ್ಮ ವಠಾರದಲ್ಲಿ ಬುದ್ಧಿ ಹೇಳುವವರಿಗೆ ಯಾವತ್ತೂ ಬರವಿರಲಿಲ್ಲ. ಪಕ್ಕದ ಮನೆಯ ಚಿಕ್ಕಗಂಗಮ್ಮನಿಗೆ ಮದುವೆಯಾಗಿ ಆರು ವರ್ಷವಾದರೂ ಮಕ್ಕಳಾಗಿರಲಿಲ್ಲ. ಮುಟ್ಟು ಕೆಲವು ತಿಂಗಳು ಬರುತ್ತಲೇ ಇರಲಿಲ್ಲ. ಬಂದರೆ ಗೋಡೆಗೆ ಹಣೆ ಒತ್ತಿಕೊಂಡು ನರಳುತ್ತಿದ್ದಳು. ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತವರೆಲ್ಲ ಅವಳ ಪಾಲಿಗೆ ಡಾಕ್ಟರುಗಳೇ.

ಎಂಬತ್ತಮೂರನೇ ಇಸವಿಯಲ್ಲಿ ಅತ್ತೆ ಪಟಾಲಮ್ಮ ಅವಳನ್ನು ನಿಜವಾದ ಲೇಡಿ ಡಾಕ್ಟರ ಹತ್ತಿರವೂ ಕರೆದೊಯ್ದಳು. ನಾನೂ ಜೊತೆಗಿದ್ದೆ. ಗರ್ಭಕೋಶದಲ್ಲಿ ದೋಷವೇನೂ ಕಾಣುತ್ತಿಲ್ಲ ಎಂದ ಡಾಕ್ಟರು, "ನಾನು ಮೈ ಮುಟ್ಟಿದ್ರೆ ಇಷ್ಟು ನಡುಗ್ತೀಯಲ್ಲಮ್ಮ, ಚಿಕ್ಕವಳಿದ್ದಾಗ ಏನಾದ್ರೂ ಆಗಿತ್ತಾ? ಅಂಥ ಭಯ ಮೈಯಲ್ಲೇ ಉಳಿದ್ರೆ ಮುಟ್ಟೂ ಏರುಪೇರಾಗಬಹುದು" ಎಂದರು. ಚಿಕ್ಕಗಂಗಮ್ಮ ಬಾಯಿ ತೆರೆಯುವಷ್ಟರಲ್ಲಿ ಪಟಾಲಮ್ಮ, "ಇವಳಿಗೇನಾಗಿರುತ್ತೆ ತಾಯಿ? ಬ್ಯಾಡರಹಳ್ಳೀಲಿ ಮರ್ಯಾದಸ್ಥರ ಮನೇಲಿ ಬೆಳೆದವಳು" ಎಂದುಬಿಟ್ಟಳು. ಸೊಸೆಯ ಹೊಟ್ಟೆನೋವಿಗೂ ಅತ್ತೆಯೇ ವಕೀಲೆ!

ಆಮೇಲೆ ಶಾಸ್ತ್ರ ಕೇಳಿದರು. ನಮ್ಮ ಕಡೆ ಹುಡುಗಿ ಮೈನೆರೆದಾಗ ಸೋದರಮಾವ ಹಸಿರು ಸೊಪ್ಪಿನ ಗುಡ್ಲು ಹಾಕಿ, ಅದರಲ್ಲಿ ಅವಳನ್ನು ಕೂರಿಸುವುದು ಪದ್ಧತಿ. ಗುಡ್ಲು ಹಾಕಿದವನೇ ಬಂದು ಮಡಿಲಕ್ಕಿ ತುಂಬಿದರೆ ಬಸಿರು ನಿಲ್ಲುತ್ತದೆ ಎಂದು ಯಾವನೋ ಮಹಾಜ್ಞಾನಿ ಹೇಳಿದ. ಪಟಾಲಮ್ಮ ಕೂಡಲೇ ಸೊಸೆಯ ಸೋದರಮಾವ ದೊಡ್ಡಹನುಮಯ್ಯನಿಗೆ ಹೇಳಿಕಳಿಸಿದಳು.

ಅವತ್ತು ಚಿಕ್ಕಗಂಗಮ್ಮ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತಳು. "ಆ ಗುಡ್ಲಲ್ಲೇ ಕಣಕ್ಕಾ ಅವನು ನನ್ನನ್ನ ಹಾಳು ಮಾಡಿದ್ದು. ಅವ್ವನಿಗೆ ಹೇಳಿದ್ರೆ, ಸುಮ್ನಿರು ಅಂದ್ಳು. ಅವನ ಕೈಯಿಂದ ಅಕ್ಕಿ ಹಾಕಿಸ್ಕೊಂಡ್ರೆ ನಾನು ಬದುಕಲ್ಲ" ಎಂದಳು.

ನನ್ನ ಮೈ ಉರಿದುಹೋಯಿತು. ಗಂಡನಿಗೆ ಹೇಳು ಎಂದೆ. ಗಂಡ ಅಂಜಿನಯ್ಯ ಫ್ಯಾಕ್ಟರಿ ಗೇಟಿನಲ್ಲಿ ಯೂನಿಯನ್ ಭಾಷಣ ಬಿಗಿಯುವ ಧೀರ. ಬೀದಿಯಲ್ಲಿ ಹುಲಿ, ಮನೆಯಲ್ಲಿ ಇಲಿ. ಎಲ್ಲವನ್ನೂ ಕೇಳಿಸಿಕೊಂಡು, "ಅಮ್ಮ ನೊಂದ್ಕೋತಾರೆ ಕಣೇ. ಒಂದು ಸಲ ತಾನೇ, ಸಹಿಸ್ಕೋ" ಎಂದನಂತೆ.

ಶುಕ್ರವಾರ ದೊಡ್ಡಹನುಮಯ್ಯ ಸೀರೆ, ತೆಂಗಿನಕಾಯಿ ಹಿಡಿದು ಬಂದ. ವಠಾರದ ಹೆಂಗಸರು ಸಾಲಾಗಿ ಅವನ ಕಾಲಿಗೆ ಬಿದ್ದರು. ನಾನು ಬೀಳಲಿಲ್ಲ. ಮಣೆಯ ಮೇಲೆ ಕೂತವಳ ಮುಂದೆ ಅವನು ಬೊಗಸೆ ತುಂಬ ಅಕ್ಕಿ ಹಿಡಿದು, "ಮಡಿಲು ಒಡ್ಡಮ್ಮ, ಮಗಳೇ" ಎಂದ.

ಚಿಕ್ಕಗಂಗಮ್ಮ ಆ ಬೊಗಸೆಗೆ ಕೈ ಬೀಸಿ ಹೊಡೆದಳು. ಅಕ್ಕಿ ಹಜಾರದ ತುಂಬ ಚೆಲ್ಲಿತು. "ಅವತ್ತು ಗುಡ್ಲಲ್ಲಿ ನನ್ನ ಬಾಯಿ ಮುಚ್ಚಿದ್ದೆ. ಈಗ ಮುಚ್ಚು, ನೋಡೋಣ" ಎಂದವಳು ನಡೆದದ್ದನ್ನೆಲ್ಲ ಎಲ್ಲರೆದುರು ಹೇಳಿದಳು. ಆ ದೊಡ್ಡ ಮನುಷ್ಯ ಚಪ್ಪಲಿಯನ್ನೂ ಮೆಟ್ಟದೆ ಬಾಗಿಲು ದಾಟಿದ.

ಪಟಾಲಮ್ಮ ಹೌಹಾರಿದಳು, ಸೊಸೆಗಾಗಿ ಅಲ್ಲ. "ಶುಕ್ರವಾರ ಅಕ್ಕಿ ಚೆಲ್ಲಿದ್ಯಲ್ಲೇ! ತುಳಿದೀಯ, ಜೋಕೆ!"

ಚಿಕ್ಕಗಂಗಮ್ಮ ತುಳಿದುಕೊಂಡೇ ಹೊರಗೆ ಬಂದು ನನ್ನ ಕೈ ಹಿಡಿದಳು. ತಿರುಗಿ ನೋಡಿದೆ. ಅಂಜಿನಯ್ಯ ಮೊಣಕಾಲೂರಿ, ಅಮ್ಮನ ಜೊತೆ ಅಕ್ಕಿ ಆಯುತ್ತಿದ್ದ.