ರೋಜಾ ತಿಂಗಳಿನ ಚಹಾ

“ಕಂತು ಇವರ ಕೈಯಾಗ ಕೊಟ್ಟೇನ್ರೀ. ಮಾರ್ಚ್ ನಡುವ, ಗುಂಜಿ ಸ್ಟೇಷನ್ನಿನಾಗ ಕುಂತು ಚಹಾ ಕುಡದು, ರೊಕ್ಕ ಒಯ್ದಾರ,” ಎಂದು ಬೆಳಗಾವಿಯ ವಿಮಾ ಕಚೇರಿಯಲ್ಲಿ ಗಟ್ಟಿಯಾಗಿಯೇ ಹೇಳಿದೆ. ನನ್ನ ಕಂತು ಬಂದಿಲ್ಲ, ಪಾಲಿಸಿ ನಿಂತಿದೆ ಎಂದು ಕಂಪನಿ ಪತ್ರ ಬರೆದಿತ್ತು. ಪಕ್ಕದಲ್ಲೇ ಏಜೆಂಟ್ ಇಸ್ಮಾಯಿಲ್ ಭಾಯಿ ನಿಂತಿದ್ದರು. ಹನ್ನೆರಡು ವರ್ಷಗಳಿಂದ ಖಾನಾಪುರದಿಂದ ನಮ್ಮೂರು ಗುಂಜಿಗೆ ಬಂದು ಕಂತು ಒಯ್ಯುವವರು. ಅವರು ಸಿಟ್ಟಿಗೇಳದಿದ್ದದ್ದೇ ನನ್ನ ಅನುಮಾನವನ್ನು ಹೆಚ್ಚಿಸಿತು.

“ಆವಾಗ ನಂದು ರಂಜಾನ್ ರೋಜಾ ಇತ್ತಲ್ರೀ ಮಾಸ್ತರ. ಹಗಲಿನಾಗ ಚಹಾ ಹ್ಯಾಂಗ ಕುಡೀಲಿ?” ಎಂದರು ಮೆಲ್ಲಗೆ.

ಕೌಂಟರಿನ ಹೆಣ್ಣುಮಗಳು ತಲೆಯೆತ್ತಿ, ಮನೆಯಲ್ಲಿ ಇನ್ನೊಂದು ಪಾಲಿಸಿ ಇದೆಯೇ ಎಂದು ಕೇಳಿದಳು. ಹೆಂಡತಿಯದಿತ್ತು. ಅದಕ್ಕೆ ಆ ತಿಂಗಳು ಎರಡು ಕಂತು ಜಮೆಯಾಗಿದ್ದವು. ಎರಡನೆಯದರ ಚಲನ್ ತೆಗೆದು ತೋರಿಸಿದಳು. ಅಕ್ಷರ ನನ್ನದೇ.

ರೋಜಾ ಹಿಡಿದವರನ್ನು ಬಿಸಿಲಲ್ಲಿ ಯಾಕೆ ಓಡಾಡಿಸುವುದೆಂದು ನಾನೇ ಬಂದು ಕಟ್ಟಿ, ಹೆಂಡತಿಯ ಪಾಲಿಸಿ ನಂಬರು ಬರೆದಿದ್ದಿರಬೇಕು. ಈಗ ಹಾಗನ್ನಿಸುತ್ತದೆ. ಇದನ್ನಾದರೂ ಹೇಗೆ ನಂಬಲಿ?

ಹಣ ನನ್ನ ಪಾಲಿಸಿಗೆ ಬದಲಿಸಲು ಅರ್ಜಿ ಬೇಕಿತ್ತು. ಇಸ್ಮಾಯಿಲ್ ಭಾಯಿಯೇ ಬರೆದು ಮುಂದಿಟ್ಟರು. “ಸಹಿ ಅಷ್ಟ ಮಾಡ್ರಿ. ನಂಬರ ನಾ ಬರದೇನಿ.”

ಪಾಲಿಸಿ ಮತ್ತೆ ಚಾಲ್ತಿಗೆ ಬಂತು. ಸ್ಟೇಷನ್ನಿನ ಬೆಂಚು, ಅವರ ಕೈಯ ಗ್ಲಾಸು, ಅದರ ಹಬೆ ನನಗೆ ಇವತ್ತಿಗೂ ನಿಚ್ಚಳವಾಗಿ ಕಾಣುತ್ತವೆ, ಯಾವ ವರ್ಷದವೋ ತಿಳಿಯದು. ಇಸ್ಮಾಯಿಲ್ ಭಾಯಿ ಈಗಲೂ ಬರುತ್ತಾರೆ. ಆದರೆ ರಸೀದಿ ಬರೆದು, ನನ್ನ ಸಹಿ ತೆಗೆದುಕೊಂಡ ಮೇಲೆಯೇ ಚಹಾ ಮುಟ್ಟುತ್ತಾರೆ.