ಸರ್ವಮಂಗಳಾಳ ಇಲಾಖಾ ಪರೀಕ್ಷೆಯ ಪುಸ್ತಕಗಳು

ಸರ್ವಮಂಗಳಾ ಉರ್ದು ಕಲಿಯುತ್ತಿದ್ದಾಳೆ ಎಂದು ನಾನು ಬಹಳ ದಿನ ನಂಬಿದ್ದೆ. ಯಾರೋ ಹೇಳಿದ್ದನ್ನು ಕೇಳಿ ನಂಬಿದ್ದಲ್ಲ, ಕಣ್ಣಾರೆ ಕಂಡಿದ್ದೆ. ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಆಕೆ ಕಿಟಕಿ ಪಕ್ಕ, ನಾನು ಎರಡು ಸೀಟು ಹಿಂದೆ. ಊರು ದಾಟಿ ಗದ್ದೆಬಯಲು ಬಂತೆಂದರೆ ಬ್ಯಾಗಿನಿಂದ ಕಂದು ಕಾಗದದ ಹೊದಿಕೆ ಹಾಕಿದ ಸಣ್ಣದೊಂದು ಪುಸ್ತಕ ಹೊರಬರುತ್ತಿತ್ತು. ಅದರ ಹಾಳೆಗಳನ್ನು ಆಕೆ ನಮ್ಮಂತೆ ಬಲದಿಂದ ಎಡಕ್ಕೆ ಮಗುಚದೆ ಎಡದಿಂದ ಬಲಕ್ಕೆ ಮಗುಚುತ್ತಿದ್ದಳು. ನರಸೀಪುರದ ಸರ್ಕಾರಿ ಕಚೇರಿಯೊಂದರಲ್ಲಿ ಎಸ್‌ಡಿಎ ಆಗಿದ್ದ ಹುಡುಗಿ. ದಿನವಿಡೀ ಖರಾಬು, ಜಮಾಬಂದಿ, ತಕರಾರು ಎಂದು ಬರೆದೂ ಬರೆದೂ, ಈ ಮಾತುಗಳು ಬಂದ ಮನೆಯನ್ನೇ ನೋಡಿಬರೋಣ ಅಂತ ಹೊರಟಿದ್ದಾಳೆ ಎಂದು ತೀರ್ಮಾನಿಸಿ ಸಂತೋಷಪಟ್ಟೆ. ಆ ಸಂತೋಷವನ್ನು ಆಕೆಯ ಸೋದರಮಾವ, ನರಸೀಪುರದ ನಿವೃತ್ತ ಹೆಡ್‌ಮಾಸ್ತರು ಶಿವಬಸಪ್ಪನವರಿಗೂ ಹಂಚಿದೆ. ಅವರಿಗೆ ಹೇಳಿದ ಮೇಲೆ ಎರಡು ತಾಲ್ಲೂಕಿನಲ್ಲಿ ಬೇರೆ ಯಾರಿಗೂ ಹೇಳುವ ಕೆಲಸ ಉಳಿಯಲಿಲ್ಲ.

ಅದು ಉರ್ದು ಅಲ್ಲ, ಜಪಾನಿ ಎಂದು ಎಷ್ಟೋ ವರ್ಷಗಳ ಮೇಲೆ ಅವಳೇ ನನಗೆ ಹೇಳಿದಳು. ಓದುವುದಕ್ಕಿಂತ ನೋಡುವುದೇ ಹೆಚ್ಚಿರುವ ಚಿತ್ರಕಥೆಯ ಪುಸ್ತಕ, ಅಲ್ಲಿನವರು ಮಂಗಾ ಅನ್ನುತ್ತಾರೆ. ಅದರಲ್ಲೂ ಇದು ‘ಬಾಯ್ಸ್ ಲವ್’ ಎಂಬ ಜಾತಿಯದು: ಕಥೆಯಲ್ಲಿ ಇಬ್ಬರು ಗಂಡಸರು, ಒಬ್ಬರಿಗೊಬ್ಬರು ಮನಸೋತವರು. ಜಪಾನಿನಲ್ಲಿ ಇಂಥವನ್ನು ಬರೆಯುವವರೂ ಓದುವವರೂ ಬಹುಪಾಲು ಹೆಂಗಸರೇ ಅಂತೆ. ನಂಜನಗೂಡಿನಲ್ಲಿ ಓದುತ್ತಿದ್ದವಳು, ಅವಳಿಗೆ ತಿಳಿದ ಮಟ್ಟಿಗೆ, ಅವಳೊಬ್ಬಳೇ. ಓದಿದ ಅಷ್ಟು ವರ್ಷವೂ ಜೀವವನ್ನು ಕೈಯಲ್ಲಿ ಹಿಡಿದುಕೊಂಡೇ ಓದಿದಳು.

ಶುರುವಾದದ್ದು ಮೈಸೂರಿನಲ್ಲಿ ಬಿ.ಕಾಂ. ಓದುವಾಗ, ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ. ಬ್ರೌಸಿಂಗ್ ಸೆಂಟರಿನಲ್ಲಿ ರಿಸಲ್ಟು ನೋಡಲು ಕೂತವಳು, ಟೀವಿಯಲ್ಲಿ ಬರುತ್ತಿದ್ದ ಜಪಾನಿ ಕಾರ್ಟೂನಿನ ಚಿತ್ರ ಹುಡುಕುತ್ತಾ ಎಲ್ಲೆಲ್ಲಿಗೋ ಹೋಗಿ ಒಂದು ಚಿತ್ರದ ಮುಂದೆ ನಿಂತುಬಿಟ್ಟಳು. ಮಳೆಯಲ್ಲಿ ಒಂದೇ ಕೊಡೆಯ ಕೆಳಗೆ ಇಬ್ಬರು ಗಂಡಸರು. ಒಬ್ಬನ ಹೆಗಲು ಪೂರ್ತಿ ನೆನೆದಿತ್ತು, ಯಾಕೆಂದರೆ ಕೊಡೆಯನ್ನು ಅವನು ಇನ್ನೊಬ್ಬನ ಕಡೆಗೆ ವಾಲಿಸಿ ಹಿಡಿದಿದ್ದ. ಅಷ್ಟೇ. ಸರ್ವಮಂಗಳಾ ತನ್ನ ಮನೆಯಲ್ಲಿ ಯಾವ ಗಂಡಸೂ ಯಾರ ಕಡೆಗೂ ಕೊಡೆ ವಾಲಿಸಿದ್ದನ್ನು ನೋಡಿರಲಿಲ್ಲ.

ಇಂಟರ್ನೆಟ್ಟಿನಲ್ಲೇ ಪರಿಚಯವಾದ ಮಲೇಷಿಯಾದ ಗೆಳತಿಯೊಬ್ಬಳು ತಾನು ಓದಿ ಮುಗಿಸಿದ ಪುಸ್ತಕಗಳನ್ನು ಅಂಚೆಯಲ್ಲಿ ಕಳಿಸತೊಡಗಿದಳು. ಇವಳು ಬದಲಿಗೆ ಗಂಧದ ಸೋಪು, ಊದಿನಕಡ್ಡಿ ಕಳಿಸುವಳು. ಪುಸ್ತಕ ಜಪಾನಿಯಲ್ಲಿ. ಅದರ ಮಾತುಗಳನ್ನು ಇಂಗ್ಲಿಷಿಗೆ ತಂದು ಯಾರೋ ಪುಣ್ಯಾತ್ಮರು ಇಂಟರ್ನೆಟ್ಟಿಗೆ ಹಾಕಿರುತ್ತಿದ್ದರು. ಅದನ್ನು ಪ್ರಿಂಟ್ ಮಾಡಿಸಿ, ಮಡಿಸಿ, ಮಡಿಲಲ್ಲಿಟ್ಟುಕೊಂಡು, ಒಂದು ಕಣ್ಣು ಚಿತ್ರದ ಮೇಲೆ, ಇನ್ನೊಂದು ಪ್ರಿಂಟಿನ ಮೇಲೆ ಇಟ್ಟು ಓದಬೇಕು. ಯಾರಾದರೂ ಬಂದರೇ ಎಂದು ಬಾಗಿಲ ಮೇಲಿಡಲು ಮೂರನೆಯ ಕಣ್ಣು ಬೇಕಿತ್ತು. ಅದು ಈ ಊರಿನಲ್ಲಿ ನಂಜುಂಡನಿಗೆ ಮಾತ್ರ ಉಂಟು.

ಪಾರ್ಸಲ್ಲು ಕಚೇರಿಯ ವಿಳಾಸಕ್ಕೆ ಬರುತ್ತಿತ್ತು. ಪೋಸ್ಟ್‌ಮ್ಯಾನ್ ಪುಟ್ಟರಾಜು ಅದನ್ನು ಸುಮ್ಮನೆ ಕೊಟ್ಟು ಹೋಗುವವನಲ್ಲ. ಎಲ್ಲರ ಮೇಜುಗಳ ನಡುವೆ ನಿಂತು ಎತ್ತಿ ಹಿಡಿಯುವನು.

“ಮೇಡಂ, ಮಲೇಸಿಯಾದಿಂದ ಬಂದೈತೆ! ಒಳಗೇನೈತೆ ಮೇಡಂ, ಪಾಮಾಯಿಲಾ?”

“ಪುಸ್ತಕ ಕಣಪ್ಪ. ಇಲಾಖಾ ಪರೀಕ್ಷೇದು.”

“ನಮ್ ಇಲಾಖೆ ಪರೀಕ್ಷೆಗೆ ಮಲೇಸಿಯಾದೋರು ಪುಸ್ತಕ ಬರೀತಾರಾ?”

ಇಡೀ ಕಚೇರಿ ನಗುವಾಗ ಅವಳೂ ನಗುವಳು. ನಕ್ಕಾದ ಮೇಲೆ ಅಂಗೈಯ ಬೆವರಿನಿಂದ ಪಾರ್ಸಲ್ಲಿನ ಶಾಯಿ ಕದಡಿರುತ್ತಿತ್ತು.

ಆದರೆ ಪುಟ್ಟರಾಜುವಿಗೆ ಹೇಳಿದ ಸುಳ್ಳು ಉಪಯೋಗಕ್ಕೆ ಬಂತು. ಅವಳು ಎಲ್ಲ ಪುಸ್ತಕಗಳಿಗೂ ಕಂದು ಕಾಗದ ಹಾಕಿ ಮೇಲೆ ‘ಇಲಾಖಾ ಪರೀಕ್ಷೆ — ಸೇವಾ ನಿಯಮಗಳು, ಭಾಗ ೧’, ‘ಭಾಗ ೨’ ಎಂದು ಚೀಟಿ ಅಂಟಿಸಿ ತನ್ನ ಬೀರುವಿನ ಕೆಳಗಿನ ಅರೆಯಲ್ಲಿಟ್ಟಳು. ಇಲಾಖಾ ಪರೀಕ್ಷೆಯ ಪುಸ್ತಕವನ್ನು ಪರೀಕ್ಷೆ ಬರೆಯುವವರೇ ತೆರೆಯುವುದಿಲ್ಲ, ಬೇರೆಯವರು ಯಾಕೆ ತೆರೆದಾರು? ನಿಯಮಗಳು ಭಾಗ ಹದಿನಾರರವರೆಗೆ ಬೆಳೆದರೂ ಮನೆಯಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಸರ್ಕಾರದ ಬಗ್ಗೆ ಜನಕ್ಕೆ ಇರುವ ನಂಬಿಕೆಯೇ ಅಂಥದ್ದು.

ಹೆದರಿಕೆ ಅಪ್ಪನದು. ಬೆಲ್ಲದ ಮಂಡಿಯ ಗುರುಮಲ್ಲಪ್ಪನವರು ಬೈಯುವವರಲ್ಲ, ಹೊಡೆಯುವವರಲ್ಲ, ಸುಡುವವರು. ಮಗಳು ಹೈಸ್ಕೂಲಿನಲ್ಲಿದ್ದಾಗ ಒಂದು ಸಿನಿಮಾ ಪತ್ರಿಕೆಯ ಮುಖಪುಟದಲ್ಲಿ ನಟಿಯ ಹೆಗಲು ಕಂಡಿತೆಂದು ಅದನ್ನು ಬಚ್ಚಲೊಲೆಗೆ ತುರುಕಿದ್ದರು. ಅಂದು ಮನೆಮಂದಿಯೆಲ್ಲ ಆ ನೀರಿನಲ್ಲೇ ಸ್ನಾನ ಮಾಡಿದರು. ಬರೀ ಹೆಗಲಿಗೇ ಒಂದು ಹಂಡೆ ನೀರು ಕಾದರೆ, ಹದಿನಾರು ಭಾಗಗಳಿಗೆ ಎಷ್ಟು ಕಾಯಬಹುದು?

ಆ ಮನೆಯಲ್ಲಿ ಸರಸ್ವತಿ ಪೂಜೆಯ ಪದ್ಧತಿ ತಂದವರು ಶಿವಬಸಪ್ಪ ಮೇಷ್ಟ್ರು. ದಸರೆಯಲ್ಲಿ ಒಂದು ದಿನ ಪುಸ್ತಕಗಳನ್ನೆಲ್ಲ ಮಣೆಯ ಮೇಲೆ ಜೋಡಿಸಿ ಪೂಜೆ ಮಾಡುವುದು, ವಿಜಯದಶಮಿಯವರೆಗೆ ಯಾರೂ ಮುಟ್ಟದೆ ಇರುವುದು. ದಶಮಿಯ ದಿನ ಎಲ್ಲರೂ ಒಂದೊಂದು ಪುಸ್ತಕ ತೆರೆದು ನಾಲ್ಕು ಸಾಲು ಜೋರಾಗಿ ಓದಬೇಕು, ಮೇಷ್ಟ್ರು ಅದರ ಅರ್ಥ ಹೇಳುತ್ತಾರೆ. ಓದುವುದು ನಾಲ್ಕು ನಿಮಿಷ, ಅರ್ಥ ಒಂದು ಗಂಟೆ. ಪ್ರತಿ ವರ್ಷ ಸರ್ವಮಂಗಳಾ ತಾನೇ ಎರಡು ಹಳೆಯ ಪಠ್ಯಪುಸ್ತಕ ಎತ್ತಿಟ್ಟು ಪಾರಾಗುತ್ತಿದ್ದಳು. ೨೦೦೫ರಲ್ಲಿ ಮಾತ್ರ ಪೂಜೆಯ ದಿನ ಕಚೇರಿಯಲ್ಲಿ ತುರ್ತು ಕೆಲಸ ಬಂದು ಸಂಜೆ ತಡವಾಯಿತು.

ಮನೆಗೆ ಬಂದು ಚಪ್ಪಲಿ ಬಿಡುತ್ತಾ ದೇವರ ಕೋಣೆಯತ್ತ ನೋಡಿದಳು. ಒಂದು ಕಾಲಿನ ಚಪ್ಪಲಿ ಕಾಲಲ್ಲೇ ಉಳಿಯಿತು.

ಮಣೆಯ ಮೇಲೆ ಭಾಗ ಒಂದರಿಂದ ಹದಿನಾರರವರೆಗೆ ಗೋಪುರದಂತೆ ಜೋಡಿಸಿತ್ತು. ಪ್ರತಿಯೊಂದರ ಮೇಲೂ ಮೂರೆಳೆ ವಿಭೂತಿ, ನಡುವೆ ಕುಂಕುಮ, ತುದಿಯಲ್ಲಿ ಚೆಂಡುಹೂ, ಪಕ್ಕದಲ್ಲಿ ಒಂದು ಚಿಪ್ಪು ರಸಬಾಳೆ. ಅಪ್ಪನ ತಾಯಿ, ಪುಟ್ಟಬಸಮ್ಮಜ್ಜಿ, ಕೈಯೊರೆಸಿಕೊಳ್ಳುತ್ತಾ ಎದ್ದಳು.

“ಬಂದ್ಯಾ? ನೀ ಬರದು ತಡ ಆಯ್ತು ಅಂತ ನಾನೇ ಜೋಡಿಸ್ದೆ. ಎಷ್ಟೊಂದ್ ಓದ್ತೀಯೇ ತಾಯಿ! ಧೂಳ್ ಒಡೆಯೋಷ್ಟ್ರಲ್ಲಿ ಸೊಂಟ ಬಿದ್ದೋಯ್ತು.”

“ಅಜ್ಜಿ... ಒಳಗೇನಾದ್ರೂ...”

“ಮುಟ್ಬೇಡ ಕಣೆ! ಪೂಜೆ ಆಗ್ಬುಟ್ಟದೆ.”

ಮುಂದಿನ ದಿನಗಳನ್ನು ಸರ್ವಮಂಗಳಾ ಹೇಗೆ ಕಳೆದಳೋ ಅವಳಿಗೇ ಗೊತ್ತಿಲ್ಲ. ಗಾಳಿಗೆ ಹೊದಿಕೆಯ ಅಂಚು ಪಟಪಟ ಅಂದರೆ ಎದ್ದು ಕಿಟಕಿ ಮುಚ್ಚುವಳು. ಬೆಕ್ಕು ದೇವರ ಕೋಣೆಯ ಕಡೆ ಮುಖ ಮಾಡಿದರೆ ಕೈಯಲ್ಲಿದ್ದ ತಟ್ಟೆ ಬಿಟ್ಟು ಓಡುವಳು. ಅಜ್ಜಿಯ ಮಂಚ ಆ ಬಾಗಿಲಿಗೇ ಅಡ್ಡ, ಕದಿಯುವ ದಾರಿಯೂ ಇಲ್ಲ. ಕುಂಕುಮಕ್ಕೆ ಬಂದ ಹೆಂಗಸರಿಗೆಲ್ಲ ಅಮ್ಮ ಸಿದ್ದಲಿಂಗಮ್ಮ ಗೋಪುರ ತೋರಿಸಿ, “ಎಲ್ಲಾ ನಮ್ ಮಂಗಳಂದೇ” ಎನ್ನುವರು. ಬಂದವರು ಬಗ್ಗಿ ಪುಸ್ತಕಕ್ಕೆ ಕೈಮುಗಿಯುವರು. ಒಬ್ಬಾಕೆ ಕೈಯನ್ನು ಮುಗಿಯುವುದಕ್ಕಿಂತ ತುಸು ಮುಂದೆ ಚಾಚಿದಾಗ ಸರ್ವಮಂಗಳಾಳ ಗಂಟಲಿಂದ ಸಣ್ಣಗೆ ಒಂದು ಸದ್ದು ಹೊರಟಿತು. ಆಕೆ ಅದನ್ನು ಬಿಕ್ಕಳಿಕೆ ಅಂದುಕೊಂಡು ನೀರು ಕುಡಿ ಎಂದಳು.

ಅವಳ ಹೆದರಿಕೆಗೆ ಲೆಕ್ಕಾಚಾರವೂ ಇತ್ತು. ತುದಿಯಲ್ಲಿದ್ದದ್ದು ಭಾಗ ಹದಿನಾರು. ಬಂದರು ಊರಿನ ಒಬ್ಬ ಗಡಿಯಾರ ರಿಪೇರಿಯವನು, ಒಬ್ಬ ಹಡಗು ಕಚೇರಿಯ ಗುಮಾಸ್ತ, ಇವರಿಬ್ಬರ ಕಥೆ. ಗುಮಾಸ್ತ ನಿಂತುಹೋದ ಗಡಿಯಾರ ಹಿಡಿದು ಅಂಗಡಿಗೆ ಬರುವಲ್ಲಿ ಶುರು. ಪುಸ್ತಕವಿಡೀ ಇಬ್ಬರೂ ಒಬ್ಬರ ಮುಖ ಒಬ್ಬರು ಕದ್ದು ನೋಡುವುದರಲ್ಲೇ ಕಳೆಯುತ್ತಾರೆ. ಕೊನೆಯ ಪುಟದಲ್ಲಿ ಮಾತ್ರ ಅಂಗಡಿಯ ಬಾಗಿಲು ಹಾಕಿ, ತಬ್ಬಿಕೊಂಡು, ತುಟಿಗೆ ತುಟಿ. ಜಪಾನಿನವರ ಪ್ರಕಾರ ಅದು ಕೊನೆ. ಆದರೆ ನಂಜನಗೂಡಿನವರು ಪುಸ್ತಕ ತೆರೆಯುವ ಕಡೆಯಿಂದ ತೆರೆದರೆ, ಒಂದು ಜಾಹೀರಾತು, ಒಂದು ಬೆಕ್ಕಿನ ಚಿತ್ರ, ಅದರ ಹಿಂದೆಯೇ ಆ ಮುತ್ತು.

ವಿಜಯದಶಮಿಯ ಬೆಳಿಗ್ಗೆ ಮೇಷ್ಟ್ರು ಜರಿ ಶಲ್ಯ ಹೊದ್ದು ಬಂದರು. ಅಪ್ಪ ಏನೋ ಹಳೆಯ ಪಂಚಾಂಗ ಓದಿದರು, ಅಮ್ಮ ವ್ರತದ ಪುಸ್ತಕ ಓದಿದರು. ಮೇಷ್ಟ್ರು ಎರಡಕ್ಕೂ ಅರ್ಥ ಹೇಳಿದರು. ಪಂಚಾಂಗಕ್ಕೂ ಹೇಳಿದರು.

“ಈಗ ನಮ್ಮ ಮಂಗಳಾ. ಏನಮ್ಮ, ನಿನ್ನ ಉರ್ದು ಎಲ್ಲಿಗೆ ಬಂತು?”

“ಯಾವ ಉರ್ದು ಮಾವ?”

“ಮುಚ್ಚಿಡಬೇಡ. ಬಸ್ಸಿನಲ್ಲಿ ಓದ್ತೀಯಂತೆ, ನನಗೆ ಎಲ್ಲಾ ಸುದ್ದಿ ಬರುತ್ತೆ.” ಮೇಷ್ಟ್ರು ಗೋಪುರದ ತುದಿಗೆ ಕೈಹಾಕಿದರು.

“ಅದು ಪರೀಕ್ಷೆ ಪುಸ್ತಕ ಮಾವ, ಅದರಲ್ಲೇನಿಲ್ಲ!”

“ಪರೀಕ್ಷೇದಾದ್ರೆ ಅದನ್ನೇ ಓದ್ಸಿ ಭಾವ,” ಎಂದರು ಗುರುಮಲ್ಲಪ್ಪ. “ದಶಮಿ ದಿನ ಓದಿದ್ರೆ ಪಾಸಾಗ್ತಾಳೆ. ಕೊಡಿ ಇಲ್ಲಿ, ನಾನೂ ನೋಡ್ತೀನಿ.”

ಅಪ್ಪ ಎದ್ದು ಬಂದು ಮೇಷ್ಟ್ರ ಹೆಗಲ ಮೇಲಿಂದ ಬಗ್ಗಿದರು. ಸರ್ವಮಂಗಳಾಳಿಗೆ ಬಚ್ಚಲ ಕಡೆಯಿಂದ ಸೌದೆ ಚಟಪಟ ಅನ್ನುವುದು ಕೇಳಿಸಿತು. ಮೇಷ್ಟ್ರ ಬೆರಳು ಎಡಗಡೆಯ ರಟ್ಟಿನ ಮೇಲಿತ್ತು. ಅವಳು ಕಣ್ಣು ಮುಚ್ಚಿಕೊಂಡಳು.

“ಆಂ, ತಡಿ,” ಎಂದರು ಮೇಷ್ಟ್ರು. “ಉರ್ದು ಪುಸ್ತಕವನ್ನ ಹೀಗೆ ತೆರೆಯಬಾರದು ಗುರುಮಲ್ಲಪ್ಪ. ಬಲದಿಂದ ತೆರೆಯಬೇಕು. ಇದೆಲ್ಲ ನಿಮ್ಮ ಮಂಡಿಯವರಿಗೆ ತಿಳಿಯೋದಿಲ್ಲ.” ಎಂದು, ತಮ್ಮ ಪಾಂಡಿತ್ಯಕ್ಕೆ ತಾವೇ ತಲೆದೂಗುತ್ತಾ, ಪುಸ್ತಕವನ್ನು ತಿರುಗಿಸಿ ಬಲಗಡೆಯಿಂದ ತೆರೆದರು.

ಮೊದಲ ಪುಟ. ಗೋಡೆ ತುಂಬ ಗಡಿಯಾರಗಳು. ಕೋಟು ಹಾಕಿದ ಗುಮಾಸ್ತ, ಭೂತಗನ್ನಡಿ ಕಣ್ಣಿಗೊತ್ತಿಕೊಂಡ ರಿಪೇರಿಯವನು. ಇಬ್ಬರ ನಡುವೆ ಬಹಳ ಮರ್ಯಾದೆಯ ಒಂದು ಮೇಜು.

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. “ಇದು ಉರ್ದು ಅಲ್ಲ! ಜಪಾನಿ! ಗಡಿಯಾರ ರಿಪೇರಿ ಶಾಸ್ತ್ರ! ಓದಮ್ಮ, ಓದು.”

ಸರ್ವಮಂಗಳಾ ಕಣ್ಣು ತೆರೆದಳು. ಇಂಗ್ಲಿಷ್ ಪ್ರಿಂಟಿನಲ್ಲಿ ಜಪಾನಿ ಉಚ್ಚಾರವನ್ನೂ ಕೊಟ್ಟಿದ್ದ ಗುಮಾಸ್ತನ ಮೊದಲ ಮಾತು ಅವಳಿಗೆ ಬಾಯಿಪಾಠ. “ತೊಕೇ ಗಾ ತೊಮರಿಮಶ್ತ.”

“ಅಂದರೆ?”

“ಗಡಿಯಾರ ನಿಂತುಹೋಗಿದೆ ಅಂತ.”

“ನೋಡಿದ್ರಾ!” ಇಲಾಖಾ ಪರೀಕ್ಷೆಗೂ ಗಡಿಯಾರಕ್ಕೂ ಏನು ಸಂಬಂಧ ಎಂದು ಗುರುಮಲ್ಲಪ್ಪನವರು ಕೇಳುವ ಮೊದಲೇ ಮೇಷ್ಟ್ರು ಪುಸ್ತಕ ಮುಚ್ಚಿ ಎದೆಗೊತ್ತಿಕೊಂಡು ಜಪಾನೀಯರ ಸಮಯಪಾಲನೆಯ ಮೇಲೆ ಮಾತು ತೆಗೆದರು. ನಮ್ಮ ದೇಶ ಯಾಕೆ ಹಿಂದುಳಿದಿದೆ ಎಂಬಲ್ಲಿಗೆ ಬರುವಷ್ಟರಲ್ಲಿ ಪುಟ್ಟಬಸಮ್ಮಜ್ಜಿ ಎದ್ದು, “ಮೇಷ್ಟ್ರೇ, ಓಳಿಗೆ ಆರೋಯ್ತದೆ,” ಎಂದು ಅವರ ಎದೆಯಿಂದ ಪುಸ್ತಕ ಬಿಡಿಸಿಕೊಂಡಳು.

ಊಟವಾಗಿ ಗಂಡಸರು ಹಜಾರದಲ್ಲಿ ಗೊರಕೆ ಹೊಡೆಯುತ್ತಿದ್ದಾಗ ಅಜ್ಜಿ ಮೊಮ್ಮಗಳನ್ನು ದೇವರ ಕೋಣೆಗೆ ಕರೆದಳು.

“ಬಾಗ್ಲಾಕು.” ಹಾಕಿದಳು. “ಆ ಗಡಿಯಾರದ ಪುಸ್ತಕವ ನಾ ಮೊನ್ನೆ ಧೂಳ್ ಒಡೆಯುವಾಗ ಪೂರಾ ನೋಡ್ದೆ ಕಣೆ. ನಂಗೆ ಅಕ್ಸರ ಬರದಿಲ್ಲ, ಬೊಂಬೆ ಬತ್ತದೆ.”

ತಪ್ಪಿಸಿಕೊಂಡೆ ಅಂದುಕೊಂಡಿದ್ದವಳು ಮಣೆಯ ಪಕ್ಕ ಕೂತುಬಿಟ್ಟಳು. ಆ ಮನೆಯಲ್ಲಿ ಅಕ್ಷರ ಬಲ್ಲ ಯಾರಿಗೂ ಓದಲಾಗದ ಪುಸ್ತಕವನ್ನು ಅಕ್ಷರ ಬರದ ಒಬ್ಬಳು ಓದಿ ಮುಗಿಸಿದ್ದಳು.

“ಅಪ್ಪಂಗೆ ಹೇಳ್ತೀಯಾ ಅಜ್ಜಿ?”

“ಪಾಪ ಕಣೆ ಅವ್ರು. ಮೊದ್ಲು ಎಷ್ಟ್ ಚೆಂದಾಗಿದ್ರು, ತಬ್ಕಂಡು, ಮುತ್ತಿಟ್ಕಂಡು. ಬತ್ತಾ ಬತ್ತಾ ದೂರ ಆದ್ರು. ಕಡೆಗೆ ಆ ಕೋಟಿನೋನು ಗಡಿಯಾರ ಇಡ್ಕಂಡು, ಗುರುತೇ ಇಲ್ದೋನಂಗೆ ನಿಂತವ್ನೆ. ನಂಗೆ ಎಲ್ಡು ದಿನ ಊಟ ಸೇರ್ಲಿಲ್ಲ. ಏನಾಯ್ತೆ ಅವ್ರಿಗೆ?”

ಸರ್ವಮಂಗಳಾ ಪುಸ್ತಕ ತೆಗೆದು ಬಲಗಡೆಯ ರಟ್ಟಿನ ಮೇಲೆ ಬೆರಳಿಟ್ಟಳು. “ಏನೂ ಆಗ್ಲಿಲ್ಲ ಅಜ್ಜಿ. ನೀನು ಹಿಂದ್ಲಿಂದ ನೋಡ್ಬಿಟ್ಟೆ. ಅವರಿಗೆ ಈ ಕಡೆಯಿಂದ ಮೊದಲು. ಗುರುತಿಲ್ದೆ ಶುರುವಾಗಿ, ಕೊನೇಗೆ ಸೇರ್ಕೋತಾರೆ.”

“ಅಂಗೋ!” ಅಜ್ಜಿ ದೊಡ್ಡದಾಗಿ ಉಸಿರು ಬಿಟ್ಟಳು. ಆಮೇಲೆ ದನಿ ತಗ್ಗಿಸಿದಳು. “ನಿಮ್ಮಪ್ಪ ನೋಡುದ್ರೆ ಒಲೆಗಾಕ್ತಾನೆ. ತಕ್ಕಂಬಾ ಎಲ್ಲಾನೂವ.”

ಮಂಚದ ಕೆಳಗಿನ ಕಬ್ಬಿಣದ ಪೆಟ್ಟಿಗೆ ಅಜ್ಜಿಯದು. ಅದರಲ್ಲಿ ಅವಳು ತನ್ನ ಸಾವಿಗೆಂದು ಎತ್ತಿಟ್ಟುಕೊಂಡ ಹೊಸ ಸೀರೆ, ವಿಭೂತಿ ಗಟ್ಟಿ ಇದ್ದವು. ಅವಳು ಬದುಕಿರುವ ತನಕ ಆ ಮುಚ್ಚಳವನ್ನು ಯಾರೂ ಎತ್ತುವುದಿಲ್ಲ. ಅವಳು ಹೋದ ದಿನ ಎತ್ತುವವರು ಗುರುಮಲ್ಲಪ್ಪನವರೇ. ಹೀಗಾಗಿ ಸರ್ವಮಂಗಳಾಳ ಹೆದರಿಕೆ ಮುಗಿಯಲಿಲ್ಲ, ಜಾಗ ಬದಲಿಸಿತು. ಮುಂದೆ ಅಜ್ಜಿ ಒಂದು ಸಲ ಕೆಮ್ಮಿದರೂ ಅವಳು ಬಿಸಿನೀರು ಹಿಡಿದು ಓಡುವಳು. ಊರಿನವರು ಅದನ್ನು ಪ್ರೀತಿ ಅಂದುಕೊಂಡರು. ಪ್ರೀತಿಯೂ ಹೌದು.

ಆದರೆ ಅಂದು ಮಧ್ಯಾಹ್ನ, ವಿಭೂತಿ ಬಳಿದ ಹದಿನಾರೂ ಭಾಗಗಳು ಸಾವಿನ ಸೀರೆಯ ಮಡಿಕೆಯೊಳಗೆ ಸೇರಿದ ಮೇಲೆ, ಪುಟ್ಟಬಸಮ್ಮಜ್ಜಿ ಬೀಗ ಹಾಕಲು ಹೋದವಳು ತಡೆದಳು. ಏನೋ ಒಂದು ಅವಳನ್ನು ಕೊರೆಯುತ್ತಿತ್ತು. ಹಜಾರದ ಗೊರಕೆಗೆ ಒಂದು ಗಳಿಗೆ ಕಿವಿಗೊಟ್ಟು, ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಪಿಸುಗುಟ್ಟಿದಳು.

“ಅಲ್ಲ ಕಣೆ, ಇಬ್ರೂ ಗಂಡಸ್ರೇ ಅಂದ್ಮೇಲೆ, ಆ ಮನೇಲಿ ಅಡ್ಗೆ ಮಾಡೋರ್ಯಾರು?”

“ಹಸಿವಾದೋನು,” ಎಂದಳು ಸರ್ವಮಂಗಳಾ.